ಗಾಣದಿಂದ ಕೊಪ್ಪರಿಗೆಗೆ

ಕೊಟ್ಟೂರು ಕಬ್ಬಿನ ಸೀಮೆಯಲ್ಲ. ಮಳೆಯನ್ನು ನಂಬಿದ ಹೊಲಗಳು, ಜೋಳ, ಸಜ್ಜೆ, ಶೇಂಗಾ. ಆದರೂ ಬೆಲ್ಲವಿಲ್ಲದೆ ನಮ್ಮೂರಿನ ಅಡಿಗೆಮನೆ ನಡೆದದ್ದನ್ನು ನಾನು ಕಾಣೆ. ಕೊಟ್ಟೂರೇಶ್ವರನ ತೇರು ಹತ್ತಿರ ಬಂದಿತೆಂದರೆ ಮನೆ ತುಂಬ ನೆಂಟರು, ಹೂರಣಕ್ಕೆ ಪೆಂಟಿಗಟ್ಟಲೆ ಬೆಲ್ಲ. ಆ ಬೆಲ್ಲ ಎರಡು ದಾರಿಯಿಂದ ಬರುತ್ತಿತ್ತು. ಒಂದು ಹೊಸಪೇಟೆಯಿಂದ, ಅಲ್ಲಿ ವಿಜಯನಗರದ ಅರಸರು ತೆಗೆಸಿದ ಕಾಲುವೆಗಳು ಇವತ್ತಿಗೂ ಕಬ್ಬು, ಬಾಳೆಗೆ ನೀರುಣಿಸುತ್ತಿವೆ. ಇನ್ನೊಂದು ಹೂವಿನಹಡಗಲಿ ಕಡೆಯಿಂದ, ತುಂಗಭದ್ರೆಯ ದಂಡೆಯ ಊರುಗಳಿಂದ, ಎತ್ತಿನ ಗಾಡಿಯಲ್ಲಿ. ನನ್ನ ತಾಯಿಯ ತವರು ಆ ದಂಡೆಯ ಮೇಲಿನ ಒಂದು ಊರು. ಅಜ್ಜನ ಮನೆಯವರದೊಂದು ಆಲೆಮನೆ ಅಲ್ಲಿತ್ತು. ಬೇಸಿಗೆಗೆ ಮುಂಚೆ, ಸಂಕ್ರಾಂತಿಯಿಂದ ಶಿವರಾತ್ರಿಯ ತನಕ ಅದರ ಒಲೆ ಆರುತ್ತಿರಲಿಲ್ಲ.

ಆಲೆಮನೆಯ ಮೇಲೆ ಬರೆದವರು ಬಹಳ ಮಂದಿ. ಬಿಸಿ ಬೆಲ್ಲದ ವಾಸನೆ, ಹುಡುಗರ ಮುತ್ತಿಗೆ, ಎಲೆಯ ಮೇಲೆ ಸುರಿದ ಪಾಕ, ಇವೆಲ್ಲ ಬಂದು ಹೋಗಿವೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಲ್ಲಿನ ಒಂದು ಚಿಕ್ಕ ದಾರಿ. ಗಾಣದಲ್ಲಿ ಹಿಂಡಿದ ಹಾಲು ಕೊಪ್ಪರಿಗೆ ಸೇರುವ ಇಪ್ಪತ್ತು ಹೆಜ್ಜೆಯ ದಾರಿ. (ನಮ್ಮಲ್ಲಿ ಕಬ್ಬಿನ ರಸಕ್ಕೆ ಹಾಲು ಎಂದೇ ಹೆಸರು, ಎಷ್ಟು ಸರಿಯಾದ ಹೆಸರೆಂಬುದು ಮುಂದೆ ಗೊತ್ತಾಗುತ್ತದೆ.) ಈ ಹಾಲು ತಾನಾಗಿ ನಡೆದು ಹೋಗುವುದಿಲ್ಲ, ಯಾರಾದರೂ ಹೊರಬೇಕು. ನಮ್ಮ ಕಡೆ ಹೊತ್ತವರು ಹೆಂಗಸರು.

ಎತ್ತಿನ ಗಾಣ ನೋಡದ ಇಂದಿನ ಹೆಣ್ಣುಮಕ್ಕಳಿಗೆ ಆ ಜಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಡುವೆ ನೆಟ್ಟಗೆ ನಿಂತ ಮೂರು ಉರುಳೆಗಳು. ಅವುಗಳ ನೆತ್ತಿಗೆ ಕಟ್ಟಿದ ಉದ್ದನೆಯ ತೊಲೆ. ತೊಲೆಯ ತುದಿಗೆ ಎತ್ತುಗಳು; ಅವು ಸುತ್ತು ಹಾಕುತ್ತಲೇ ಇರುತ್ತವೆ. ಒಬ್ಬ ಕೆಳಗೆ ಕೂತು ಉರುಳೆಗಳ ಸಂದಿಗೆ ಕಬ್ಬು ಕೊಡುತ್ತಾನೆ. ಹಾಲು ಉರುಳೆಗಳ ಬುಡದಲ್ಲಿ ಇಳಿದು, ನೆಲದಲ್ಲಿ ಹೂತ ಬಾನಿಗೆ ಬೀಳುತ್ತದೆ. ಒಲೆ ಮತ್ತು ಕೊಪ್ಪರಿಗೆ ಇರುವುದು ಎತ್ತು ಸುತ್ತುವ ಜಾಡಿನ ಆಚೆ. ಅಂದರೆ ಹಾಲು ಹುಟ್ಟುವುದು ಬಳೆಯ ಒಳಗೆ, ಕಾಯುವುದು ಬಳೆಯ ಹೊರಗೆ. ನಡುವೆ ಸುತ್ತುತ್ತಿರುವ ಎತ್ತು. ಮೇಲೆ ತೋಡು ಹಾಕಿದರೆ ಎತ್ತಿನ ಗೊರಸಿಗೆ ಸಿಕ್ಕಿ ಒಡೆಯುತ್ತದೆ. ಕೆಲವು ಕಡೆ ನೆಲದಡಿ ಕೊಳವೆ ಹೂತು, ಹಾಲನ್ನು ಜಾಡಿನ ಹೊರಗಿನ ಗುಂಡಿಗೆ ತರುತ್ತಿದ್ದರು. ಅಜ್ಜನ ಆಲೆಮನೆಯಲ್ಲಿ ಅದಿರಲಿಲ್ಲ. ಕೊಳವೆಯೊಳಗೆ ಹಾಲು ಹುಳಿತರೆ ತೊಳೆಯುವವರು ಯಾರು ಎಂಬುದು ಅಜ್ಜನ ವಾದ. ಹೊರುವವರು ಇರುವಾಗ ಕೊಳವೆಗೆ ಯಾಕೆ ದುಡ್ಡು ಎಂಬುದು ಅದರ ಹಿಂದಿನ ವಾದ ಇದ್ದಿರಬೇಕು.

ಹಾಗಾಗಿ ಕೊಡ ಹೊತ್ತವಳು ಎತ್ತು ದಾಟಿದ್ದನ್ನು ನೋಡಿ, ತೊಲೆಯ ಕೆಳಗೆ ಬಗ್ಗಿ ಒಳಗೆ ಹೋಗಬೇಕು. ಬಾನಿಯಿಂದ ಚರಿಗೆಯಲ್ಲಿ ಮೊಗೆದು, ಬಟ್ಟೆಯಲ್ಲಿ ಸೋಸಿ, ಕೊಡ ತುಂಬಬೇಕು. ಮತ್ತೆ ಎತ್ತಿನ ಸುತ್ತು ಕಾಯ್ದು ಹೊರಗೆ ಬರಬೇಕು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡವಿಟ್ಟರೆ ತೊಲೆ ತಾಗುತ್ತದೆ. ಆದ್ದರಿಂದ ಒಳಗಿನ ಅಷ್ಟು ದಾರಿ ಟೊಂಕದ ಮೇಲೆ, ಜಾಡು ದಾಟಿದ ಮೇಲೆ ತಲೆಯ ಮೇಲೆ. ಟೊಂಕದಿಂದ ತಲೆಗೆ ತಾನೇ ಏರಿಸಿಕೊಳ್ಳಬೇಕು. ಹದಿನೈದು ಲೀಟರಿನ ಕೊಡವೆಂದರೆ ಹಾಲೇ ಹದಿನಾರು ಕಿಲೋ ತೂಗುತ್ತದೆ, ಸಕ್ಕರೆ ಅಂಶ ಇರುವುದರಿಂದ ಅದು ನೀರಿಗಿಂತ ಭಾರ. ಹಿತ್ತಾಳೆ ಕೊಡದ ತೂಕ ಬೇರೆ.

ಎಷ್ಟು ಕೊಡ? ಲೆಕ್ಕ ಹಾಕಿ ನೋಡೋಣ. ನೂರು ಕಿಲೋ ಕಬ್ಬು ಹಿಂಡಿದರೆ ಎತ್ತಿನ ಗಾಣದಲ್ಲಿ ಐವತ್ತೈದು ಅರವತ್ತು ಕಿಲೋ ಹಾಲು. ಅದನ್ನು ಕಾಯಿಸಿದರೆ ಹತ್ತು ಕಿಲೋದಷ್ಟು ಬೆಲ್ಲ. ಉಳಿದದ್ದೆಲ್ಲ ಹಬೆಯಾಗಿ ಹೋಗುವ ನೀರು. ಒಂದು ಕಿಲೋ ಬೆಲ್ಲದ ಹಿಂದೆ ಐದಾರು ಕಿಲೋ ಹಾಲು ಹೊತ್ತ ಕತ್ತು ಇದೆ. ಇನ್ನೂರು ಕಿಲೋ ಹಾಲಿನ ಒಂದು ಕೊಪ್ಪರಿಗೆಗೆ ಹನ್ನೆರಡು ಹದಿಮೂರು ಕೊಡ. ದಿನಕ್ಕೆ ಮೂರು ಕೊಪ್ಪರಿಗೆ ಇಳಿದರೆ ನಲವತ್ತು ಕೊಡ.

ಕೂಲಿ? ದುಡ್ಡಲ್ಲ. ಕೊನೆಯ ಕೊಪ್ಪರಿಗೆ ಇಳಿದ ಮೇಲೆ ಅದರ ಅಂಚು ಕೆರೆದ ಬೆಲ್ಲ, ಜೊತೆಗೆ ಒಂದು ಉಂಡೆ, ಮನೆಗೆ ಒಯ್ಯಲು ಒಂದು ಹೊರೆ ರವದಿ. ಕಬ್ಬು ಕೊಡುವವನಿಗೂ ಪಾಕ ನೋಡುವವನಿಗೂ ಮಾತ್ರ ರೊಕ್ಕ. ಇಲ್ಲೊಂದು ಮಾತು ಮುಚ್ಚಿಡಬಾರದು. ದಲಿತ ಕೇರಿಯ ಹೆಂಗಸರು ಅಜ್ಜನ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು, ಹೊರೆ ಕಟ್ಟುತ್ತಿದ್ದರು, ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಹರವುತ್ತಿದ್ದರು. ಹಾಲಿನ ಕೊಡ ಮಾತ್ರ ಮುಟ್ಟುವಂತಿರಲಿಲ್ಲ. ಕಬ್ಬು ಮುಟ್ಟಿದರೆ ಇಲ್ಲದ ಮೈಲಿಗೆ ಅದರ ಹಾಲು ಮುಟ್ಟಿದರೆ ಎಲ್ಲಿಂದ ಬರುತ್ತದೆ ಎಂದು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಸೋದರತ್ತೆ ಕೊಟ್ಟ ಉತ್ತರ, “ಸುಮ್ನಿರು, ದೊಡ್ಡೋರ ಮಾತು ನಿನಗ್ಯಾಕ.” ಉತ್ತರ ಅವರಿಗೂ ಗೊತ್ತಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ಇಷ್ಟೆಲ್ಲ ಅವಸರ ಏಕೆ? ಹಾಲನ್ನು ಬಾನಿಯಲ್ಲೇ ಬಿಟ್ಟು ಸಾವಕಾಶವಾಗಿ ಹೊರಬಹುದಿತ್ತಲ್ಲ? ಆಗುವುದಿಲ್ಲ. ಕಬ್ಬಿನ ಹಾಲು ಆಕಳ ಹಾಲಿಗಿಂತ ಬೇಗ ಕೆಡುತ್ತದೆ. ಹಿಂಡಿದ ಗಳಿಗೆಯಿಂದಲೇ ಕಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಕೆಲಸ ಶುರು ಮಾಡುತ್ತವೆ. ಹುಳಿ ಏರುತ್ತದೆ. ಹರಳುಗಟ್ಟುವ ಸಕ್ಕರೆ ಒಡೆದು ಹರಳುಗಟ್ಟದ ಸಕ್ಕರೆಯಾಗುತ್ತದೆ. ಕೆಲವು ಜೀವಿಗಳು ಲೋಳೆ ಕಟ್ಟುತ್ತವೆ. ಅಂಥ ಹಾಲನ್ನು ಎಷ್ಟು ಕಾಯಿಸಿದರೂ ಬೆಲ್ಲ ಕೂರುವುದಿಲ್ಲ. ಅಚ್ಚಿನಲ್ಲಿ ಮೆತ್ತಗಾಗಿ ಜಿನುಗುತ್ತದೆ. ಎತ್ತಿನ ಗಾಣ ತಾಸಿಗೆ ಅರವತ್ತು ಎಪ್ಪತ್ತು ಕಿಲೋ ಹಾಲು ಹಿಂಡಿದರೆ ಹೆಚ್ಚು. ಕೊಪ್ಪರಿಗೆ ತುಂಬಲು ಮೂರು ತಾಸು ಬೇಕು. ಮೊದಲ ಕೊಡದ ಹಾಲು ಕೊನೆಯ ಕೊಡಕ್ಕಾಗಿ ಅಷ್ಟು ಹೊತ್ತು ಕಾದಿರಬೇಕು. ಅದಕ್ಕೇ ನಡುರಾತ್ರಿಯ ತಂಪಿನಲ್ಲಿ ಗಾಣ ಹೂಡುತ್ತಿದ್ದರು, ಮೊದಲ ಕೊಡ ಬಿದ್ದ ಕೂಡಲೇ ಒಲೆಗೆ ಉರಿ ಹಾಕುತ್ತಿದ್ದರು.

ಪಾತ್ರೆಯ ಚೊಕ್ಕತನವೂ ಹೆಂಗಸರ ಕೆಲಸವೇ. ಮಣ್ಣಿನ ಬಾನಿ ತನ್ನ ಮೈಯ ರಂಧ್ರಗಳಲ್ಲಿ ನಿನ್ನೆಯ ಹುಳಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೊಸ ಹಾಲು ಬಿದ್ದರೆ ಅದಕ್ಕೂ ಹುಳಿ ಅಂಟಿಸುತ್ತದೆ, ಮೊಸರಿಗೆ ಹೆಪ್ಪು ಕೊಟ್ಟ ಹಾಗೆ. ದಿನವೂ ಕುದಿನೀರು ಹುಯ್ದು ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಳಗೆ ಸುಣ್ಣದ ತಿಳಿ ಬಳಿಯಬೇಕು. ಕಬ್ಬಿಣದ ಬಕೆಟ್ಟಾದರೆ ಇನ್ನೊಂದು ತೊಂದರೆ. ಹಾಲಿನ ಹುಳಿಗೆ ಕಬ್ಬಿಣ ಕರಗಿ ಬೆಲ್ಲ ಕಪ್ಪಾಗುತ್ತದೆ.

ಸುಣ್ಣದ ಮಾತು ಬಂತಾದ್ದರಿಂದ ನಮ್ಮ ಕೂಡ್ಲಿಗಿ ಸೀಮೆಯ ಹಳ್ಳದ ದಂಡೆಯ ಈಚಲು ಮರಗಳನ್ನೂ ಇಲ್ಲಿ ನೆನೆಯಬೇಕು. ಆ ಮರದ ನೆತ್ತಿಯಿಂದ ಇಳಿಯುವ ರಸವೂ ಇಂಥದೇ ಸಿಹಿ ಹಾಲು. ಗಡಿಗೆಯ ಒಳಗೆ ಸುಣ್ಣ ಬಳಿದು ಕಟ್ಟಿದರೆ ನೀರಾ, ಬಳಿಯದೆ ಕಟ್ಟಿದರೆ ಬೆಳಗಾಗುವುದರಲ್ಲಿ ಸೇಂದಿ. ಬಂಗಾಳದಲ್ಲಿ ಇದೇ ಜಾತಿಯ ಮರದ ರಸವನ್ನು ಚಳಿಗಾಲದಲ್ಲಿ ಕಾಯಿಸಿ ಬೆಲ್ಲ ಮಾಡುತ್ತಾರೆ, ಅದಕ್ಕೆ ದೊಡ್ಡ ಹೆಸರಿದೆ. ನಮ್ಮಲ್ಲಿ ಅದು ಸೇಂದಿಯಾಗಿಯೇ ಹೆಸರು ಕೆಡಿಸಿಕೊಂಡಿತು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿದೇ ಸತ್ಯಾಗ್ರಹ ನಡೆಯಿತು. ಅದರ ಮುಂದಾಳುಗಳಲ್ಲಿ ಎಸ್. ನಿಜಲಿಂಗಪ್ಪನವರು ಒಬ್ಬರು, ಹುಟ್ಟಿದ್ದು ನಮ್ಮ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಬಳ್ಳಾರಿ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು, 1948ರ ಹೊತ್ತಿಗೆ ಆ ಪ್ರಾಂತ್ಯವೆಲ್ಲ ಪಾನನಿಷೇಧಕ್ಕೆ ಒಳಪಟ್ಟಿತು. ಕುಡಿತದಿಂದ ಮನೆ ಹಾಳಾದದ್ದನ್ನು ಕಂಡ ಯಾವ ಹೆಣ್ಣೂ ಮರ ಕಡಿದವರನ್ನು ಬೈಯಲಾರಳು. ಒಂದು ಹಿಡಿ ಸುಣ್ಣದಷ್ಟೇ ಅಂತರವಿತ್ತಲ್ಲ ಎಂದು ಮಾತ್ರ ನನಗೆ ಅನ್ನಿಸುತ್ತದೆ.

ಗಾಣದ ಚರಿತ್ರೆಗೆ ಬರೋಣ. ನಮ್ಮ ಶಾಸನಗಳಲ್ಲಿ ಗಾಣದೆರೆ ಎಂಬ ತೆರಿಗೆಯ ಮಾತು ಬರುತ್ತದೆ, ಅಷ್ಟು ಹಳೆಯದು ಗಾಣದ ಬದುಕು. ಕಬ್ಬಿಗೆ ಮೊದಲು ಕಲ್ಲಿನ ಒರಳು ಗಾಣ, ಅದಕ್ಕೆ ಕಬ್ಬನ್ನು ತುಂಡು ತುಂಡಾಗಿ ಕತ್ತರಿಸಿ ಹಾಕಬೇಕಿತ್ತು. ಆಮೇಲೆ ಮರದ ಉರುಳೆಗಳು. 1870ರ ದಶಕದಲ್ಲಿ ಬಿಹಾರದ ಬೆಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬ ಇಂಗ್ಲಿಷರು ಕಬ್ಬಿಣದ ಉರುಳೆಯ ಗಾಣ ಮಾಡಿಸಿದರು. ಅಲ್ಲಿಂದ ಅದು ದೇಶ ತುಂಬ ಹಬ್ಬಿತು. ನಮ್ಮ ಕಡೆಗೆ ಕಬ್ಬಿಣದ ಗಾಣವೆಂದರೆ ಕಿರ್ಲೋಸ್ಕರರ ಹೆಸರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ, ನೇಗಿಲು, ಮೇವು ಕತ್ತರಿಸುವ ಯಂತ್ರ, ಗಾಣ, ಮುಂದೆ ಪಂಪು, ಎಂಜಿನ್ನುಗಳ ತನಕ ರೈತರ ಮನೆಬಾಗಿಲಿಗೆ ತಂದ ಮನೆತನದ ಹಿರಿಯರು. ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ಉರುಳೆ ಕಲ್ಲಿನಿಂದ ಮರ, ಮರದಿಂದ ಕಬ್ಬಿಣವಾದ ಈ ಕಾಲವೆಲ್ಲ ಕೊಡ ಕೊಡವಾಗಿಯೇ ಇತ್ತು, ಹೊರುವ ತಲೆಯೂ ಅದೇ. ಅದನ್ನು ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

1932ರಲ್ಲಿ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾನೂನು ಬಂದಿತು. ಹೊರದೇಶದ ಸಕ್ಕರೆಗೆ ಸುಂಕ ಬಿದ್ದು, ದೇಶದಲ್ಲಿ ಮೂವತ್ತರ ಆಸುಪಾಸು ಇದ್ದ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರು ದಾಟಿದವು. ಮಂಡ್ಯದ ಕಾರ್ಖಾನೆ 1933ರದು; ಹೊಸಪೇಟೆಯದೂ ಆ ದಶಕದ್ದೇ. ಕಾರ್ಖಾನೆಯಲ್ಲಿ ಹಾಲು ಮನುಷ್ಯರ ಕೈ ಕಾಣುವುದಿಲ್ಲ, ಕೊಳವೆಯಿಂದ ಕೊಳವೆಗೆ, ತೊಟ್ಟಿಯಿಂದ ತೊಟ್ಟಿಗೆ ಪಂಪಿನಲ್ಲೇ ಓಡುತ್ತದೆ. ಆದರೆ ನಲವತ್ತು ಮೈಲಿಯಾಚೆಯ ನದಿ ದಂಡೆಯ ಊರಿಗೆ ಅದರ ಗಾಳಿ ತಾಗಲಿಲ್ಲ. ತಾಗಿದ್ದು ಅಣೆಕಟ್ಟಿನ ನೀರು. 1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಬಿಟ್ಟರು. ಹಿನ್ನೀರಿನಲ್ಲಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯವರು ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆ ಊರುಗಳ ಜೊತೆ ಎಷ್ಟು ಆಲೆಮನೆಗಳ ಒಲೆ ನೀರಿನಡಿ ಹೋದವೋ. ಅಜ್ಜನ ಊರು ಮೇಲಿನ ದಂಡೆಯದಾದ್ದರಿಂದ ಉಳಿಯಿತು.

ನಾನು ಕಣ್ಣಾರೆ ಕಂಡ ಬದಲಾವಣೆ ಮುಂದಿನದು. 1960ರ ದಶಕದ ಕೊನೆಯಲ್ಲಿ ಮಾವ ಡೀಸೆಲ್ ಎಂಜಿನ್ ತಂದರು. ಎತ್ತು ಬಿಚ್ಚಿದರು. ಮಲಗಿಸಿದ ಉರುಳೆಗಳ ಹೊಸ ಗಾಣ ಪಟ್ಟೆಯ ಮೇಲೆ ತಿರುಗತೊಡಗಿತು. ತೊಲೆ ಹೋಯಿತು, ಎತ್ತಿನ ಜಾಡು ಹೋಯಿತು, ಬಗ್ಗಿ ಹೋಗುವ ಕಷ್ಟವೂ ಹೋಯಿತೆಂದು ಎಲ್ಲರಿಗೂ ಸಂತೋಷ. ಆದರೆ ಈ ಗಾಣ ತಾಸಿಗೆ ಒಂದು ಟನ್ ಕಬ್ಬು ನುಂಗುತ್ತಿತ್ತು. ಅರವತ್ತು ಎಪ್ಪತ್ತು ಕಿಲೋ ಇಳಿಯುತ್ತಿದ್ದ ಕಡೆ ಆರುನೂರು ಕಿಲೋ ಹಾಲು! ತಾಸಿಗೆ ನಲವತ್ತು ಕೊಡ. ಮೊದಲು ದಿನವಿಡೀ ಹೊರುತ್ತಿದ್ದುದನ್ನು ಈಗ ಒಂದು ತಾಸಿನಲ್ಲಿ ಹೊರಬೇಕು. ಇಬ್ಬರು ಇದ್ದ ಕಡೆ ಎಂಟು ಮಂದಿ ಬೇಕಾದರು. ಸಾಲುಗಟ್ಟಿ ನಿಂತು ಕೊಡ ದಾಟಿಸುತ್ತಿದ್ದರು. ಯಂತ್ರ ಬಂದರೆ ಕೂಲಿ ಹೋಗುತ್ತದೆ ಎನ್ನುತ್ತಾರಲ್ಲ, ಇಲ್ಲಿ ಮೊದಲು ಕೂಲಿ ಹೆಚ್ಚಿತು. ಎಂಟು ಮಂದಿಗೆ ಹಂಚುವಷ್ಟು ಅಂಚಿನ ಬೆಲ್ಲ ಕೊಪ್ಪರಿಗೆಯಲ್ಲಿ ಇರುವುದಿಲ್ಲ. ಹಾಗಾಗಿ ಮೊದಲ ಸಲ ಹಾಲು ಹೊರುವವರ ಕೈಗೆ ರೊಕ್ಕ ಬಂತು.

ಆ ಸಾಲಿನ ಮುಂದೆ ಇದ್ದವರು ಅಜ್ಜಿಯ ವಾರಿಗೆಯವರೊಬ್ಬರು, ಹುಡುಗರೆಲ್ಲ ಹಾಲಜ್ಜಿ ಎಂದು ಕರೆಯುತ್ತಿದ್ದೆವು. ಎತ್ತಿನ ಕಾಲದಿಂದ ಹೊತ್ತವರು. ನೆತ್ತಿಯ ನಡುವೆ ಸಿಂಬಿಯಷ್ಟಗಲ ಕೂದಲಿರಲಿಲ್ಲ. ಹಾಲಿನ ಹದ ಅವರ ಮೂಗಿಗೆ ಗೊತ್ತಾಗುತ್ತಿತ್ತು. ಕೊಡ ತಲೆಗೇರಿಸುವ ಮೊದಲು ಒಮ್ಮೆ ಮೂಸಿ, “ಯಪ್ಪಾ, ಇದು ತಿರುಗೇತಿ, ಬ್ಯಾರೆ ಇಡ್ರಿ” ಎಂದರೆ ಮಾವ ಎದುರು ಮಾತಾಡುತ್ತಿರಲಿಲ್ಲ. ಆ ಕೊಡ ಕಾಕಂಬಿಗೆ ಹೋಗುತ್ತಿತ್ತು.

ನಾಲ್ಕೈದು ಹಂಗಾಮು ಕಳೆದಿರಬೇಕು, ಮಾವ ಪಂಪು ಕೂಡಿಸಿದರು. ಮೊದಲು ಕೂಡಿಸಿದ್ದು ಹೊಲಕ್ಕೆ ನೀರೆತ್ತುವ ಪಂಪನ್ನೇ. ಹಾಲು ನೀರಲ್ಲ ಎಂದು ಅದು ಬೇಗ ಕಲಿಸಿತು. ಪಂಪು ಗಾಳಿ ಹಿಡಿಯದಂತೆ ಮೊದಲು ನೀರು ಕುಡಿಸಬೇಕು. ಆ ನೀರೆಲ್ಲ ಹಾಲಿಗೆ ಸೇರುತ್ತದೆ, ಸೇರಿದ ನೀರನ್ನು ಆರಿಸಲು ಇನ್ನಷ್ಟು ಉರಿ. ಕಬ್ಬಿನ ನಾರು ಹೋಗಿ ಫುಟ್‌ವಾಲ್ವಿಗೆ ಸಿಕ್ಕಿಕೊಂಡು ಪಂಪು ಸುಮ್ಮನೆ ಗುರುಗುಟ್ಟುತ್ತದೆ. ಎರಕದ ಕಬ್ಬಿಣದ ಹೊಟ್ಟೆಯೊಳಗೆ ಹಾಲು ನಿಂತರೆ ಬೆಲ್ಲ ಕಪ್ಪು. ಎಲ್ಲಕ್ಕಿಂತ ಕೆಟ್ಟದ್ದು ಪೈಪಿನ ಬಾಗಿದ ಕಡೆ ಉಳಿದ ಅರ್ಧ ಚರಿಗೆ ಹಾಲು. ರಾತ್ರಿ ಅಲ್ಲೇ ಹುಳಿತು, ಬೆಳಿಗ್ಗೆ ಮೊದಲ ಕೊಪ್ಪರಿಗೆಗೆ ಹೆಪ್ಪಾಗುತ್ತದೆ. ಅಜ್ಜ ಹಿಂದೆ ಹೇಳಿದ್ದ ಕೊಳವೆಯ ಮಾತು ನಿಜವಾಯಿತು. ಮುಂದಿನ ವರ್ಷ ಮಾವ ಗಾಣವನ್ನು ಎತ್ತರದ ಕಟ್ಟೆಯ ಮೇಲೆ ಕೂಡಿಸಿ, ಕೆಳಗೆ ಎರಡು ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ಹಾಲು ಜಾಲರಿ ದಾಟಿ ಮೊದಲ ತೊಟ್ಟಿಗೆ ಇಳಿಯುತ್ತದೆ, ಕಸ ತಳಕ್ಕೆ ಕೂತ ಮೇಲೆ ತಿಳಿ ಎರಡನೆಯದಕ್ಕೆ, ಅಲ್ಲಿಂದ ತೋಡಿನಲ್ಲಿ ಕೊಪ್ಪರಿಗೆಗೆ. ಇಳಿಜಾರಿನ ಕೆಲಸಕ್ಕೆ ಡೀಸೆಲ್ ಬೇಡ. ಎತ್ತು ಇದ್ದಷ್ಟು ದಿನ ಇದು ಸಾಧ್ಯವಿರಲಿಲ್ಲ, ಎತ್ತನ್ನೂ ಕಟ್ಟೆ ಹತ್ತಿಸಬೇಕಿತ್ತಲ್ಲ.

ಅಮೆರಿಕ, ಕೆನಡಾಗಳ ಮೇಪಲ್ ಮರದ ಪಾಕದ ವಿಷಯ ಓದುವಾಗ ಇದೇ ಕಥೆ ಸಿಕ್ಕಿತು. ಚಳಿ ಮುಗಿಯುವ ಹೊತ್ತಿಗೆ ಮರಕ್ಕೆ ತೂತು ಕೊರೆದು ರಸ ಹಿಡಿಯುತ್ತಾರೆ. ಅದರಲ್ಲಿ ಸಿಹಿ ನೂರಕ್ಕೆ ಎರಡು ಪಾಲು ಮಾತ್ರ. ಒಂದು ಲೀಟರ್ ಪಾಕಕ್ಕೆ ನಲವತ್ತು ಲೀಟರ್ ರಸ ಹೊರಬೇಕು. ನಮ್ಮ ಹೆಂಗಸರ ಕತ್ತು ಪುಣ್ಯ ಮಾಡಿತ್ತು! ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರಲ್ಲಿ ಆ ಸಕ್ಕರೆಯ ತೋಪು, ಕಾಯಿಸುವ ಬಿಡಾರ ಹೆಂಗಸರ ಆಡಳಿತದಲ್ಲೇ ಇರುತ್ತಿತ್ತು. ಬರ್ಚ್ ಮರದ ತೊಗಟೆಯ ಬುಟ್ಟಿಗಳಲ್ಲಿ ರಸ ಹೊತ್ತವರೂ ಅವರೇ, ಸಕ್ಕರೆ ಹಂಚಿದವರೂ ಅವರೇ. ಬಿಳಿಯರು ಬಂದ ಮೇಲೆ ಹೆಗಲ ಅಡ್ಡೆಯ ಬಕೆಟ್ಟು, ಆಮೇಲೆ ಎತ್ತು ಕುದುರೆ ಎಳೆಯುವ ಜಾರುಬಂಡಿಯ ಮೇಲೆ ತೊಟ್ಟಿ. 1950ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಕೊಳವೆ ಬಂದಿತು. ಮರದಿಂದ ಮರಕ್ಕೆ ಕೊಳವೆ ಕಟ್ಟಿ, ಗುಡ್ಡದ ಬುಡದ ತೊಟ್ಟಿಗೆ ರಸ ಇಳಿಸುತ್ತಾರೆ. ಅವರಿಗೂ ಕೊಳವೆ ತೊಳೆಯುವ ಚಿಂತೆ ತಪ್ಪಿಲ್ಲ.

ತೊಟ್ಟಿ ಬಂದ ವರ್ಷ ಎಂಟು ಮಂದಿಯಲ್ಲಿ ಏಳು ಮಂದಿಗೆ ಕೆಲಸವಿರಲಿಲ್ಲ. ಕತ್ತಿನ ನೋವು ಹೋಯಿತು, ರೊಕ್ಕವೂ ಹೋಯಿತು. ಅವರಲ್ಲಿ ಮೂವರು ಕಬ್ಬು ಕಡಿಯಲು ಹೋದರು, ಅದು ಕೊಡಕ್ಕಿಂತ ಕಷ್ಟದ ಕೆಲಸ. 1976ರಲ್ಲಿ ಗಂಡಿಗೂ ಹೆಣ್ಣಿಗೂ ಸಮಾನ ವೇತನದ ಕಾನೂನು ಬಂದಾಗ ಪೇಪರಿನಲ್ಲಿ ಓದಿದ್ದು ನೆನಪಿದೆ. ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎನ್ನುತ್ತಿತ್ತು ಅದು. ಆದರೆ ಆಲೆಮನೆಯಲ್ಲಿ ಗಂಡಸು ಕೊಡ ಹೊತ್ತವನೇ ಅಲ್ಲ, ಇನ್ನು ಯಾರ ಸಮಾನ?

ಉಳಿದವರು ಹಾಲಜ್ಜಿ. ತೊಟ್ಟಿ ತೊಳೆಯಲು ಅವರನ್ನು ಇಟ್ಟುಕೊಂಡರು. ಬೆಂಡೆ ಗಿಡ ಜಜ್ಜಿ ಲೋಳೆ ತೆಗೆಯುವುದೂ ಅವರದೇ. ಅದನ್ನು ಕುದಿಯುವ ಹಾಲಿಗೆ ಬಿಟ್ಟರೆ ಕಸವೆಲ್ಲ ಮಡ್ಡಿಯಾಗಿ ಮೇಲೇಳುತ್ತದೆ. ಬಿಸಿ ಪಾಕದ ಕಡೆಗೆ ಮಾತ್ರ ಅವರನ್ನು ಬಿಡುತ್ತಿರಲಿಲ್ಲ. ಕೊಪ್ಪರಿಗೆಗೆ ಗಳ ಹಾಕಿ, ನಾಲ್ವರು ಗಂಡಸರು ಎತ್ತಿ, ಪಾಕವನ್ನು ಹರಿವಾಣಕ್ಕೆ ಸುರಿಯುವ ಗಳಿಗೆ ಆಲೆಮನೆಯಲ್ಲೇ ಅಪಾಯದ್ದು. ಕುದಿನೀರಿಗಿಂತ ಬಿಸಿ, ಮೈಗೆ ಬಿದ್ದರೆ ಅಂಟಿಕೊಂಡು ಬಿಡುವುದಿಲ್ಲ. ಹೆಂಗಸರನ್ನು ದೂರ ಇಟ್ಟದ್ದು ಕರುಣೆಯಿಂದ ಎಂದು ನಂಬಿದ್ದೆ. ರೊಕ್ಕ ಹೆಚ್ಚಿರುವುದು ಅಲ್ಲೇ ಎಂಬುದನ್ನು ತೋರಿಸಿಕೊಟ್ಟವರು ಹಾಲಜ್ಜಿಯೇ. “ತಣ್ಣಂದು ನಮಗ, ಬಿಸೀದು ಅವರಿಗೆ, ತೂಕ ಒಂದೇ ಅಲ್ಲೇನವ್ವಾ?” ಎಂದಿದ್ದರು.

ಕೊಟ್ಟೂರಿಗೆ ಸೊಸೆಯಾಗಿ ಬಂದ ಮೇಲೆ ನಾನೂ ಅಂಗಡಿಯ ಬೆಲ್ಲವನ್ನು ಬಣ್ಣ ನೋಡಿ ಕೊಳ್ಳುವವಳಾದೆ. ಹಳದಿಗೆ ಬೆಲೆ ಹೆಚ್ಚು, ಕಪ್ಪಿಗೆ ಕಡಿಮೆ. ಈ ನಮ್ಮ ಕಣ್ಣಿಗಾಗಿಯೇ ಆಲೆಮನೆಗಳಿಗೆ ಹೈಡ್ರೋಸ್ ಎಂಬ ಪುಡಿ ಬಂತು. ತೊಟ್ಟಿ ತೊಳೆಯದೆ ಕಪ್ಪಾದದ್ದನ್ನು ಕೊನೆಯಲ್ಲಿ ಒಂದು ಹಿಡಿ ಪುಡಿ ಹಾಕಿ ಬೆಳ್ಳಗೆ ಮಾಡುವ ಉಪಾಯ. ಬೆಲ್ಲ ಕೆಲವು ದಿನ ಹೊಳೆದು ಮತ್ತೆ ಕಂದುತ್ತದೆ, ಗಂಧಕದ ಅಂಶ ಒಳಗೆ ಉಳಿಯುತ್ತದೆ. ಈಗ ಪೇಟೆಯವರು ಕಪ್ಪು ಬೆಲ್ಲವನ್ನೇ ಕೇಳಿ ಕೊಳ್ಳತೊಡಗಿದ್ದಾರೆ. ಕಪ್ಪೆಲ್ಲ ಚೊಕ್ಕವೆಂದೇನೂ ಅಲ್ಲ. ತುಕ್ಕು ಹಿಡಿದ ಬಕೆಟ್ಟಿನದೂ ಕಪ್ಪೇ. ಒಂದು ಚೂರು ಬಾಯಿಗೆ ಹಾಕಿ ನೋಡಿ. ನಾಲಗೆಯ ಬದಿಗೆ ಸಣ್ಣ ಹುಳಿ ತಾಗಿದರೆ ಆ ಹಾಲು ದಾರಿಯಲ್ಲಿ ನಿಂತದ್ದು. ಉಪ್ಪು ಉಪ್ಪಾದರೆ ಕಬ್ಬು ಬೆಳೆದ ನೀರು ಸವುಳು.

ಹೊಸಪೇಟೆಯ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದವು. 2021ರಿಂದ ನಾವು ಬಳ್ಳಾರಿಯವರಲ್ಲ, ವಿಜಯನಗರ ಜಿಲ್ಲೆಯವರು. ಕೊಟ್ಟೂರು ಈಗ ತಾಲ್ಲೂಕು. ಮಾವನ ಮಗ ಕಬ್ಬನ್ನು ಲಾರಿಗೆ ತುಂಬಿ ಕಾರ್ಖಾನೆಗೆ ಕಳಿಸುತ್ತಾನೆ. ಆಲೆಮನೆಯನ್ನು ಮಾತ್ರ ಕೆಡವಿಲ್ಲ, ಜಾತ್ರೆಯ ಮುಂಚೆ ಹತ್ತು ದಿನ ಮನೆಯ ಮಟ್ಟಿಗೆ ಹೂಡುತ್ತಾನೆ. ಈಗ ಸ್ಟೀಲಿನ ಸಣ್ಣ ಪಂಪು, ಬಿಚ್ಚಿ ತೊಳೆಯಲು ಬರುವ ಪೈಪು. ಕಳೆದ ಹಂಗಾಮಿನಲ್ಲಿ ಹೋದಾಗ ಅವನ ಹೆಂಡತಿ ಪೈಪಿನ ತುದಿಯನ್ನು ಮೂಗಿಗೆ ಹಿಡಿದು ನೋಡುತ್ತಿದ್ದಳು. ಹಾಲಜ್ಜಿಯನ್ನು ಅವಳು ಕಂಡವಳಲ್ಲ. ಯಾರು ಹೇಳಿಕೊಟ್ಟರೆಂದು ಕೇಳಿದೆ. “ಯಾರೂ ಇಲ್ರಿ ಅತ್ತಿ, ವಾಸನಿ ಬಂದ್ರ ಗೊತ್ತಾಗಲ್ಲೇನು?” ಎಂದು ಇನ್ನೊಂದು ಕೊಡ ಬಿಸಿನೀರು ಪೈಪಿಗೆ ಹುಯ್ದಳು.